ಬೂಕರ್, ನೊಬೆಲ್, ಚಂದ್ರಗಿರಿ: ನವೆಂಬರಿನ ಓದಿಗೆ ಯಾರನ್ನು ಇಟ್ಟುಕೊಳ್ಳುವುದು?

ನೀರ್ಚಾಲು ಮಾಷ್ಟ್ರು:
ಎಲ್ಲರಿಗೂ ನಮಸ್ಕಾರ. ಬರುವ ನವೆಂಬರಿನ ಭಾನುವಾರಗಳಂದು ಸಂಜೆ ನಮ್ಮ ವಾಚನಾಲಯದಲ್ಲಿ ಕಥೆ ಓದುವ ಕಾರ್ಯಕ್ರಮ ಇಟ್ಟುಕೊಳ್ಳುವುದೆಂದು ಸಮಿತಿಯಲ್ಲಿ ತೀರ್ಮಾನವಾಗಿದೆ. ವಿಷಯ: ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದ ಲೇಖಕರು. ಒಂದನೇ ತಾರೀಕು ಶನಿವಾರವೇ ಶುರುಮಾಡಬೇಕೆಂದು ಇಬ್ಬರು ಹಟ ಹಿಡಿದಿದ್ದರು. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ಈಚೆಗೆ ನಮ್ಮ ಕಡೆ ನವೆಂಬರ್ 1ರಂದು ಯಾರು ಸಂಭ್ರಮಿಸುತ್ತಾರೆ, ಯಾರು ಮುಖ ಗಂಟಿಕ್ಕುತ್ತಾರೆ ಎಂಬುದನ್ನು ಈ ಗುಂಪಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಎರಡನೇ ತಾರೀಕಿಗೆ ಸರಿಸಿದೆವು.

ಮೊದಲ ಭಾನುವಾರ ಬಾನು ಮುಷ್ತಾಕ್ ಎಂಬುದರಲ್ಲಿ ತಕರಾರಿಲ್ಲ. 2025ರ ಮೇ 20ರಂದು ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಹನ್ನೆರಡು ಕಥೆಗಳು, 1990ರಿಂದ 2023ರ ನಡುವೆ ಬರೆದವು. ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. 50,000 ಪೌಂಡಿನ ಪ್ರಶಸ್ತಿ, ಇಬ್ಬರಿಗೂ ಸಮಪಾಲು. ಸಣ್ಣಕಥೆಗಳ ಸಂಕಲನಕ್ಕೆ ಈ ಬೂಕರ್ ಬಂದದ್ದೂ ಅದೇ ಮೊದಲು.

ನಮ್ಮ ಕರಪತ್ರದ ಕರಡಿನಲ್ಲಿ ‘ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದ ಮೊದಲ ಕನ್ನಡ ಸಾಹಿತಿ’ ಎಂದು ಬರೆದಿದ್ದಾರೆ. ಮುದ್ರಣಕ್ಕೆ ಕೊಡುವ ಮುಂಚೆ ಕೇಳುತ್ತಿದ್ದೇನೆ, ಈ ಮಾತು ಸರಿಯೇ? ಉಳಿದ ಭಾನುವಾರಗಳಿಗೆ ಯಾರು? ಇನ್ನೊಂದು ಪ್ರಶ್ನೆ ಕೇಳಲಿಕ್ಕೆ ಸ್ವಲ್ಪ ಸಂಕೋಚ: ಕಾಸರಗೋಡಿನವರು ಯಾರಾದರೂ ಈ ಸಾಲಿನಲ್ಲಿ ಇದ್ದಾರಾ?

ಮುಳ್ಳೇರಿಯಾದಿಂದ:
ಮಾಷ್ಟ್ರೇ, ಆ ವಾಕ್ಯ ಹಾಗೆಯೇ ಅಚ್ಚು ಹಾಕಿಸಬೇಡಿ. ಗೋಕರ್ಣದ ಜಯಂತ ಕಾಯ್ಕಿಣಿ ಇದ್ದಾರಲ್ಲ. ತೇಜಸ್ವಿನಿ ನಿರಂಜನ ಅನುವಾದಿಸಿದ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಪ್ರಶಸ್ತಿ ಬಂದಿತ್ತು. 2018ನೇ ಸಾಲಿನದು, 2019ರ ಜನವರಿಯಲ್ಲಿ ಕೋಲ್ಕತ್ತದಲ್ಲಿ ಕೊಟ್ಟರು. 25,000 ಡಾಲರ್. ಅನುವಾದಿತ ಕೃತಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಎಲ್ಲ ಮುಂಬಯಿಯ ಕಥೆಗಳು. ನಮ್ಮ ಪಂಚಾಯತಿನಲ್ಲಿ ಮುಂಬಯಿಯಲ್ಲಿ ಹೋಟೆಲ್ ಕೆಲಸ ಮಾಡಿದವರು ಇಲ್ಲದ ಮನೆ ಎಷ್ಟಿದೆ? ಎರಡನೇ ಭಾನುವಾರ ಅವರನ್ನೇ ಇಟ್ಟರೆ ಜನ ತಾನಾಗಿ ಬರುತ್ತಾರೆ.

ಉಪ್ಪಳ ಗೇಟ್:
ಬೂಕರಿನ ಮಟ್ಟಿಗೂ ಒಂದು ಹಿಂದಿನ ಕತೆ ಉಂಟು. 2013ರಲ್ಲಿ ಅನಂತಮೂರ್ತಿಯವರು ಮ್ಯಾನ್ ಬೂಕರ್ ಇಂಟರ್‌ನ್ಯಾಷನಲ್‌ನ ಕೊನೆಯ ಹತ್ತು ಜನರ ಪಟ್ಟಿಯಲ್ಲಿ ಇದ್ದರು. ಗೆದ್ದದ್ದು ಅಮೆರಿಕದ ಲಿಡಿಯಾ ಡೇವಿಸ್. ಆಗ ಅದು ಎರಡು ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿ, ಒಂದು ಪುಸ್ತಕಕ್ಕಲ್ಲ, ಲೇಖಕರ ಇಡೀ ಬರವಣಿಗೆಗೆ. 2005ರಲ್ಲಿ ಅಲ್ಬೇನಿಯಾದ ಇಸ್ಮಾಯಿಲ್ ಕದಾರೆಯಿಂದ ಶುರು. 2016ರಿಂದ ವರ್ಷಕ್ಕೊಂದು ಅನುವಾದಿತ ಪುಸ್ತಕಕ್ಕೆ ಕೊಡುವುದಾಯಿತು, ಹಣ ಅನುವಾದಕರಿಗೂ ಅರ್ಧ. ಹಾಗಾಗಿ ಕರಪತ್ರದಲ್ಲಿ ‘ಅಂತಾರಾಷ್ಟ್ರೀಯ ಬೂಕರ್ ಪಡೆದ ಮೊದಲ ಕನ್ನಡ ಕೃತಿ’ ಅಂತ ಹಾಕಿ. ಯಾರೂ ಎದ್ದು ನಿಂತು ತಕರಾರು ತೆಗೆಯುವ ಹಾಗಿಲ್ಲ.

ಇನ್ನೊಂದು, ಬಾನು ಅವರ ಹೆಸರಿನ ಕೆಳಗೆ ದೀಪಾ ಭಾಸ್ತಿಯವರ ಹೆಸರನ್ನು ಅದೇ ಗಾತ್ರದ ಅಕ್ಷರದಲ್ಲಿ ಹಾಕಿಸಿ. ಈ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಅನುವಾದಕಿ ಅವರು. 2022ರಲ್ಲಿ ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿ ಗೆದ್ದಾಗ ಅನುವಾದಕಿ ಅಮೆರಿಕದ ಡೈಸಿ ರಾಕ್‌ವೆಲ್.

ಶಾರ್ಜಾ ಕುಂಬಳೆ:
ಶಿವರಾಮ ಕಾರಂತರ ಹೆಸರು ನೊಬೆಲಿಗೆ ಹೋಗಿತ್ತು ಅಂತ ನಾವು ಶಾಲೆಯಲ್ಲಿರುವಾಗ ಕೇಳಿದ್ದೇವೆ. ಕುವೆಂಪು ಅವರದ್ದೂ ಹೋಗಿತ್ತಂತೆ, ಉತ್ತರ ಭಾರತದವರು ತಪ್ಪಿಸಿದರಂತೆ. ಅದನ್ನೂ ಹೇಳ್ಬೇಕಲ್ಲ ಕಾರ್ಯಕ್ರಮದಲ್ಲಿ?

ಉಪ್ಪಳ ಗೇಟ್:
ಅಣ್ಣ, ‘ಅಂತೆ’ಯನ್ನು ಮೈಕಿನಲ್ಲಿ ಹೇಳಿದರೆ ಮರುದಿನ ಅದು ಚರಿತ್ರೆಯಾಗಿ ಬಿಡ್ತದೆ. ನೊಬೆಲಿಗೆ ಯಾರು ಯಾರ ಹೆಸರು ಸೂಚಿಸಿದರು ಎಂಬುದನ್ನು ಐವತ್ತು ವರ್ಷ ಗುಟ್ಟಾಗಿ ಇಡುತ್ತಾರೆ. ಆಮೇಲೆ ದಾಖಲೆ ಬಿಡುಗಡೆ, ನೊಬೆಲಿನವರ ಜಾಲತಾಣದಲ್ಲೇ ಹುಡುಕಬಹುದು. ಅಂದರೆ 1970ರ ದಶಕದ ಮೊದಲಿನದಕ್ಕೆ ಸಾಕ್ಷಿ ಸಿಗ್ತದೆ, ಆಚಿನದಕ್ಕೆ ಯಾರೂ ಆಣೆ ಇಟ್ಟು ಹೇಳುವ ಹಾಗಿಲ್ಲ. ಹೆಸರು ಸೂಚಿಸುವ ಹಕ್ಕು ಸ್ವೀಡಿಷ್ ಅಕಾಡೆಮಿಯ ಮತ್ತು ಅಂಥದೇ ಅಕಾಡೆಮಿಗಳ ಸದಸ್ಯರಿಗೆ, ಸಾಹಿತ್ಯ ಮತ್ತು ಭಾಷಾಶಾಸ್ತ್ರದ ಪ್ರಾಧ್ಯಾಪಕರಿಗೆ, ಹಿಂದೆ ನೊಬೆಲ್ ಪಡೆದವರಿಗೆ, ಲೇಖಕರ ಸಂಘಗಳ ಅಧ್ಯಕ್ಷರಿಗೆ. ಪ್ರಪಂಚದಲ್ಲಿ ಇಂಥವರು ಸಾವಿರಗಟ್ಟಲೆ ಇದ್ದಾರೆ. ಹೆಸರು ಹೋಗುವುದು ದೊಡ್ಡ ಸಂಗತಿಯೇ ಅಲ್ಲ. ಆ ಹದಿನೆಂಟು ಜನರ ಅಕಾಡೆಮಿ ಓದುವ ಭಾಷೆಯಲ್ಲಿ ಪುಸ್ತಕ ಇದೆಯಾ ಎಂಬುದು ದೊಡ್ಡದು. ಟಾಗೋರರಿಗೆ 1913ರಲ್ಲಿ ಬಂತು ಎನ್ನುತ್ತೇವೆ. ಅದರ ಹಿಂದಿನ ವರ್ಷ ಅವರೇ ಇಂಗ್ಲಿಷಿಗೆ ಮಾಡಿದ ಗೀತಾಂಜಲಿ ಲಂಡನ್ನಿನಲ್ಲಿ ಅಚ್ಚಾಗಿ, ಯೇಟ್ಸ್ ಕವಿ ಮುನ್ನುಡಿ ಬರೆದಿರದಿದ್ದರೆ ಬಂಗಾಳಿ ಪದ್ಯ ಸ್ಟಾಕ್‌ಹೋಮ್ ಮುಟ್ಟುವುದು ಹೇಗೆ?

ಶಾರ್ಜಾ ಕುಂಬಳೆ:
ಸರಿ ಮಾರಾಯ, ಬಿಟ್ಟೆ. ಆದ್ರೂ ಕಾರಂತರಿಗೆ ಬರ್ಬೇಕಿತ್ತು.

ಮುಳ್ಳೇರಿಯಾದಿಂದ:
ಅದರಲ್ಲಿ ನಮ್ಮದೇನೂ ಭಿನ್ನಾಭಿಪ್ರಾಯ ಇಲ್ಲ 😀 ಕಾರಂತರ ‘ಅದೇ ಊರು ಅದೇ ಮರ’ವನ್ನು ಇಂಗ್ಲಿಷಿಗೆ ಮಾಡಿದವರೂ ಇದೇ ದೀಪಾ ಭಾಸ್ತಿ. ಕೊಡಗಿನ ಗೌರಮ್ಮನ ಕಥೆಗಳನ್ನೂ ಮಾಡಿದ್ದಾರೆ. ಬೂಕರ್ ಬಂದ ದಿನ ಆಕಾಶದಿಂದ ಇಳಿದವರಲ್ಲ.

ಪೈವಳಿಕೆ ಟೀಚರ್:
ನಾನು ಹೈಸ್ಕೂಲ್ ಮಕ್ಕಳನ್ನು ಕರೆದುಕೊಂಡು ಬರುವವಳು, ನನ್ನ ತೊಂದರೆಯೇ ಬೇರೆ. ಹಾರ್ಟ್ ಲ್ಯಾಂಪಿನ ಹನ್ನೆರಡರಲ್ಲಿ ಯಾವ ಕಥೆಯನ್ನು ಗಟ್ಟಿಯಾಗಿ ಓದಬಹುದು? ಸಂಕಲನಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ಯನ್ನು ನಾನು ಓದಿದ್ದೇನೆ. ಗಂಡನ ಮನೆಯಲ್ಲೂ ತವರಿನಲ್ಲೂ ನಿಲ್ಲಲಾರದ ಮೆಹರುನ್ ಮೈಗೆ ಬೆಂಕಿ ಹಚ್ಚಿಕೊಳ್ಳಲು ಹೊರಡುವುದು, ದೊಡ್ಡ ಮಗಳು ಸಲ್ಮಾ ಬಂದು ತಡೆಯುವುದು. ಅದನ್ನು ಒಂಬತ್ತನೇ ಕ್ಲಾಸಿನ ಹೆಣ್ಣುಮಕ್ಕಳ ಎದುರು ಓದಲು ನನಗೆ ಧೈರ್ಯ ಸಾಲದು. ಓದಬಾರದು ಅಂತಲ್ಲ. ಓದಿದ ಮೇಲೆ ಕೂತು ಮಾತಾಡಲಿಕ್ಕೆ ಸಮಯ ಬೇಕು, ಆರು ಗಂಟೆಯ ಬಸ್ಸು ಹಿಡಿಯುವ ಅವಸರದಲ್ಲಿ ಆಗುವುದಿಲ್ಲ.

ಮೊಗ್ರಾಲ್ ತೀರ:
ಟೀಚರ್, ‘ಕೆಂಪು ಲುಂಗಿ’ ಓದಿಸಿ. ಬೇಸಿಗೆ ರಜೆಯಲ್ಲಿ ಮನೆ ತುಂಬ ಮಕ್ಕಳು, ತಲೆ ಕೆಟ್ಟ ತಾಯಿ ಗಂಡುಮಕ್ಕಳಿಗೆಲ್ಲ ಮುಂಜಿ (ಸುನ್ನತ್) ಮಾಡಿಸಿ ಮಲಗಿಸಿಬಿಡುವ ಅಂತ ಹೊರಡುವ ಕಥೆ. ಬಡವರ ಮಕ್ಕಳಿಗೆ ಸಾಮೂಹಿಕವಾಗಿ, ಉಳ್ಳವರ ಮಕ್ಕಳಿಗೆ ಡಾಕ್ಟರ್ ಹತ್ತಿರ. ಕೊನೆಗೆ ಯಾರ ಗಾಯ ಬೇಗ ಮಾಯುತ್ತದೆ ಅಂತ ಓದಿ ನೋಡಿ. ನಗುನಗುತ್ತಾ ಓದಿಸಿಕೊಂಡು ಹೋಗಿ ಕೊನೆಗೆ ಎಲ್ಲಿ ಕುಟುಕುತ್ತಾರೆ ಅಂದರೆ… ಗಂಡುಮಕ್ಕಳು ಸ್ವಲ್ಪ ನಾಚಬಹುದು, ನಾಚಲಿ ಬಿಡಿ.

ದೊಡ್ಡವರಿಗಾದರೆ ‘ಶಾಯಿಸ್ತಾ ಮಹಲಿನ ಕಲ್ಲು ಚಪ್ಪಡಿಗಳು’. ಹೆಂಡತಿಗೆ ಮಹಲ್ ಕಟ್ಟಿಸುವೆ ಎನ್ನುವಷ್ಟು ಪ್ರೀತಿಯ ಗಂಡ, ಅವಳು ಸತ್ತ ಮೇಲೆ ಎಷ್ಟು ಬೇಗ ಇನ್ನೊಬ್ಬಳನ್ನು ತರುತ್ತಾನೆ ಎಂಬುದು. ನಾನು ಮನೆಯಲ್ಲಿ ಮಲಯಾಳಂ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತವಳು. ಬಾನು ಅವರ ಮನೆಯೊಳಗಿನ ಉರ್ದು ನನ್ನ ಮನೆಯ ಮಾತಲ್ಲ. ಆದರೆ ಆ ಮನೆಗಳ ಹಿಂಬದಿ ಜಗಲಿ ನನಗೆ ಚೆನ್ನಾಗಿ ಗೊತ್ತು.

ಈಗ ಮಾಷ್ಟ್ರು ಸಂಕೋಚಪಟ್ಟು ಕೇಳಿದ ಪ್ರಶ್ನೆಗೆ ಬರುತ್ತೇನೆ. ಸಾರಾ ಅಬೂಬಕ್ಕರ್ ಅವರ ಹೆಸರು ಇಷ್ಟು ಹೊತ್ತಾದರೂ ಯಾರ ಬಾಯಲ್ಲೂ ಬರಲಿಲ್ಲವಲ್ಲ? ಹುಟ್ಟಿದ್ದು 1936ರಲ್ಲಿ ಇದೇ ಕಾಸರಗೋಡಿನಲ್ಲಿ. ಮುಸ್ಲಿಂ ಹುಡುಗಿಯರು ಹೈಸ್ಕೂಲ್ ಮೆಟ್ಟಿಲು ಹತ್ತದ ಕಾಲದಲ್ಲಿ ಕನ್ನಡ ಓದಿದವರು. ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾಳ ತಲಾಖ್, ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಮಧ್ಯೆ ಇನ್ನೊಬ್ಬನ ಜೊತೆ ಮದುವೆಯಾಗಬೇಕೆಂಬ ಕಟ್ಟಳೆ, ಕೊನೆಗೆ ಮಸೀದಿಯ ಕೆರೆ. ಬಾನು ಅವರೂ ಅದೇ ಪತ್ರಿಕೆಗೆ ಬರೆದವರು, ಅದೇ ಬಂಡಾಯದ ಕಾಲದವರು. ಒಬ್ಬರಿಗೆ ಲಂಡನ್, ಇನ್ನೊಬ್ಬರಿಗೆ ಅವರ ಹುಟ್ಟೂರಿನ ಚರ್ಚೆಯಲ್ಲಿ ಕೂಡ ಹೆಸರಿಲ್ಲ.

ಅಡೂರಿನ ಅಡಿಕೆ:
ಅಕ್ಕ, ಸಾರಾ ಬಗ್ಗೆ ಗೌರವ ಇದೆ. ಆದರೆ ವಿಷಯ ‘ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದವರು’. ಅವರಿಗೆ ಅಂಥ ಪ್ರಶಸ್ತಿ ಬಂದಿಲ್ಲ. ನಮ್ಮೂರಿನವರು ಅಂತ ಸೇರಿಸಿದರೆ ನಾಳೆ ಯಕ್ಷಗಾನದ ಕವಿ ಪಾರ್ತಿಸುಬ್ಬನಿಗೂ ಬೂಕರ್ ಕೊಡಿ ಅನ್ನಬಹುದು.

ಮೊಗ್ರಾಲ್ ತೀರ:
ಪಾರ್ತಿಸುಬ್ಬನಿಗೆ ಕೊಟ್ಟರೆ ನನ್ನ ಒಪ್ಪಿಗೆ ಉಂಟು. ಆದರೆ ನನ್ನ ಪ್ರಶ್ನೆಗೆ ಅದು ಉತ್ತರ ಅಲ್ಲ. ಯಾಕೆ ಬಂದಿಲ್ಲ ಎಂದು ಕೇಳುತ್ತಿದ್ದೇನೆ.

ನೀರ್ಚಾಲು ಮಾಷ್ಟ್ರು:
ಈ ‘ಯಾಕೆ’ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೂಕರ್ ಎಂದರೆ ಕನ್ನಡದ ಕಥೆಗಳನ್ನು ಲಂಡನ್ನಿನವರು ಹುಡುಕಿ ತೆಗೆದರು ಎಂಬ ಭಾವನೆ ನಮ್ಮ ಸಮಿತಿಯಲ್ಲೂ ಇತ್ತು. ಲೇಖಕರು ಅರ್ಜಿ ಹಾಕುವ ಪ್ರಶಸ್ತಿ ಅದಲ್ಲ. ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಗಬೇಕು, ಅಚ್ಚುಹಾಕಿದ ಪ್ರಕಾಶಕರೇ ಪುಸ್ತಕ ಕಳಿಸಬೇಕು. 2025ಕ್ಕೆ ಹಾಗೆ ಬಂದ ಪುಸ್ತಕಗಳು 154. ಅದರಲ್ಲಿ 13ರ ಉದ್ದ ಪಟ್ಟಿ, ಆಮೇಲೆ 6ರ ಕಿರುಪಟ್ಟಿ, ಕೊನೆಗೆ ಒಂದು. ದೆಹಲಿಯಲ್ಲೋ ಚೆನ್ನೈಯಲ್ಲೋ ಅಚ್ಚಾದ ಇಂಗ್ಲಿಷ್ ಅನುವಾದ ಎಷ್ಟು ಚೆನ್ನಾಗಿದ್ದರೂ ಆ 154ರೊಳಗೆ ಬರುವುದೇ ಇಲ್ಲ.

ಈಗ ಸಾರಾ ಅವರದ್ದನ್ನು ನೋಡಿ. ಚಂದ್ರಗಿರಿಯ ತೀರದಲ್ಲಿ ಇಂಗ್ಲಿಷಿಗೆ ಬಂದಿದೆ. ವನಮಾಲಾ ವಿಶ್ವನಾಥ ಮಾಡಿದ್ದು, ‘ಬ್ರೇಕಿಂಗ್ ಟೈಸ್’ ಎಂಬ ಹೆಸರಿನಲ್ಲಿ, 2001ರ ಸುಮಾರಿಗೆ, ಭಾರತದಲ್ಲಿ. ಆಗ ಈ ರೂಪದ ಬೂಕರ್ ಹುಟ್ಟಿಯೇ ಇರಲಿಲ್ಲ. ಅದು ಶುರುವಾದ 2016ರ ಹೊತ್ತಿಗೆ ಆ ಅನುವಾದ ಹಳೆಯದಾಗಿತ್ತು. ಸಾರಾ 2023ರ ಜನವರಿ 10ರಂದು ತೀರಿಹೋದರು.

ಬಾನು ಅವರ ಕಥೆಗಳಿಗಾದದ್ದು ಬೇರೆ. ದೀಪಾ ಅವರು ಐದಾರು ಸಂಕಲನಗಳಿಂದ ಹನ್ನೆರಡನ್ನು ಆರಿಸಿದರು. ಆ ಕೆಲಸಕ್ಕೆ 2024ರಲ್ಲಿ ಇಂಗ್ಲಿಷ್ ಪೆನ್ ಸಂಸ್ಥೆಯ ಅನುವಾದ ಪುರಸ್ಕಾರ ಸಿಕ್ಕಿತು. ಶೆಫೀಲ್ಡ್ ಎಂಬ ಊರಿನ ‘ಆ್ಯಂಡ್ ಅದರ್ ಸ್ಟೋರೀಸ್’ ಎಂಬ ಸಣ್ಣ ಪ್ರಕಾಶನ ಅಚ್ಚುಹಾಕಿತು. ದೊಡ್ಡ ಕಂಪನಿ ಅಲ್ಲ, ಸಣ್ಣದು. ಬಾನು ಬರೆಯಲು ಶುರುಮಾಡಿ ಆಗಲೇ ಅರ್ಧ ಶತಮಾನ ಆಗಿತ್ತು. 1999ರಲ್ಲೇ ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ‘ಕರಿ ನಾಗರಗಳು’ ಕಥೆಯಿಂದ ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಸಿನಿಮಾ ಮಾಡಿ, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತ್ತು. ಇಷ್ಟೆಲ್ಲ ಆದರೂ ಲಂಡನ್ನಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಬ್ಬ ಅನುವಾದಕಿ ಮತ್ತು ಒಂದು ಸಣ್ಣ ಪ್ರಕಾಶನ ಕೈ ಹಾಕಿದ ಮೇಲೆ.

ಆದ್ದರಿಂದ ಬಾನು ದೊಡ್ಡವರೋ ಸಾರಾ ದೊಡ್ಡವರೋ ಎಂಬ ತಕ್ಕಡಿ ನಮಗೆ ಬೇಡ. ಸಾರಾ ಅವರ ಪುಸ್ತಕ ಆ ಸ್ಪರ್ಧೆಯ ಅಂಗಳಕ್ಕೆ ಕಾಲಿಡಲೇ ಇಲ್ಲ. ಸೋತದ್ದಲ್ಲ.

ಪೈವಳಿಕೆ ಟೀಚರ್:
ಮಾಷ್ಟ್ರೇ, ಇದನ್ನೇ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಹೇಳಿ. ಪ್ರಶಸ್ತಿ ಅಂದರೆ ಪರೀಕ್ಷೆಯ ರ‍್ಯಾಂಕಿನ ಹಾಗೆ ಎಂದು ಮಕ್ಕಳು ತಿಳಿದುಕೊಂಡಿದ್ದಾರೆ, ಎಲ್ಲರೂ ಬರೆದರು, ಒಬ್ಬರಿಗೆ ಫಸ್ಟ್ ಬಂತು ಅಂತ.

ಹೊಸದುರ್ಗದವ:
ಚಂದ್ರಗಿರಿ ನದಿಯ ತೆಂಕಿನಿಂದ ಒಂದು ಸ್ವರ. (ಗಡಿ ವಿಚಾರದ ಮಹಾಜನ ವರದಿಯವರು ಕೂಡ ಚಂದ್ರಗಿರಿಯ ಬಡಗಿನದ್ದನ್ನು ಮಾತ್ರ ಕರ್ನಾಟಕಕ್ಕೆ ಸೇರಿಸಿ ಎಂದದ್ದು, ನಮ್ಮನ್ನು ಬಿಟ್ಟೇ ಬಿಟ್ಟರು. ಅದಿರಲಿ.) ಇಲ್ಲಿ ನನ್ನ ಸುತ್ತ ಮಲಯಾಳದ ಓದುಗರೇ ಹೆಚ್ಚು. ಅವರು ಮಾಡುವುದನ್ನು ನೋಡಿ ಹೊಟ್ಟೆಯುರಿ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. 2018ರಿಂದ 2024ರವರೆಗೆ ಕೊಟ್ಟ ಜೆಸಿಬಿ ಪ್ರಶಸ್ತಿ ನಮ್ಮ ದೇಶದ್ದೇ, ಅಂತಾರಾಷ್ಟ್ರೀಯ ಅಲ್ಲ. ಏಳು ವರ್ಷದಲ್ಲಿ ಮೂರು ಸಲ ಮಲಯಾಳಕ್ಕೆ ಹೋಯಿತು: 2018ರಲ್ಲಿ ಬೆನ್ಯಾಮಿನ್, 2020ರಲ್ಲಿ ಎಸ್. ಹರೀಶ್, 2021ರಲ್ಲಿ ಎಂ. ಮುಕುಂದನ್. ಕನ್ನಡಕ್ಕೆ ಒಂದೂ ಇಲ್ಲ. ಜ್ಞಾನಪೀಠದ ಲೆಕ್ಕ ತೆಗೆದರೆ ನಮಗೆ ಎಂಟು, ಅವರಿಗೆ ಆರು. ಅಂದರೆ ಬರೆಯುವುದರಲ್ಲಿ ನಾವು ಹಿಂದಿಲ್ಲ. ಇಂಗ್ಲಿಷಿಗೆ ಕೊಂಡೊಯ್ಯುವವರ ಪಡೆ ಅವರಲ್ಲಿ ದೊಡ್ಡದಿದೆ. ಶಹನಾಝ್ ಹಬೀಬ್, ಜಯಶ್ರೀ ಕಳತ್ತಿಲ್, ಫಾತಿಮಾ ಇ.ವಿ., ನಂದಕುಮಾರ್ ಕೆ. ಈ ಹೆಸರುಗಳನ್ನು ಅವರ ಓದುಗರು ಲೇಖಕರ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಾರೆ. ನಮ್ಮವರಲ್ಲಿ ‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿಗೆ ತಂದದ್ದು ಎ.ಕೆ. ರಾಮಾನುಜನ್ ಎಂದು ಎಷ್ಟು ಜನ ಹೇಳುತ್ತಾರೆ?

ಉಪ್ಪಳ ಗೇಟ್:
ಕೊರಿಯಾದವರು ಇದಕ್ಕಿಂತ ಮುಂದೆ ಹೋಗಿದ್ದಾರೆ. ಅನುವಾದಕ್ಕೆಂದೇ ಅಲ್ಲಿ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆ ಉಂಟು, ಬೇರೆ ದೇಶದ ಅನುವಾದಕರಿಗೂ ಪ್ರಕಾಶಕರಿಗೂ ಸಹಾಯಧನ ಕೊಡ್ತದೆ. ಹಾನ್ ಕಾಂಗ್‌ಗೆ 2016ರಲ್ಲಿ ಬೂಕರ್, 2024ರಲ್ಲಿ ನೊಬೆಲ್. ಸಾಹಿತ್ಯದ ನೊಬೆಲ್ ಪಡೆದ ಮೊದಲ ಏಷ್ಯಾದ ಹೆಂಗಸು.

ಒಂದು ಕೊಂಡಿ ಗಮನಿಸಿ. ಹಾನ್ ಕಾಂಗ್‌ನ ‘ದಿ ವೆಜಿಟೇರಿಯನ್’ ಅನುವಾದಿಸಿದ್ದು ಡೆಬೊರಾ ಸ್ಮಿತ್. ಆಕೆ ಶುರುಮಾಡಿದ ‘ಟಿಲ್ಟೆಡ್ ಆ್ಯಕ್ಸಿಸ್’ ಎಂಬ ಸಣ್ಣ ಪ್ರಕಾಶನವೇ ಆಮೇಲೆ ಗೀತಾಂಜಲಿ ಶ್ರೀ ಅವರ ‘ಟೂಂಬ್ ಆಫ್ ಸ್ಯಾಂಡ್’ ತಂದದ್ದು, ಅದಕ್ಕೆ 2022ರ ಬೂಕರ್. ಕೊರಿಯಾದ ಬಾಗಿಲು ತೆಗೆದವಳೇ ಹಿಂದಿಯ ಬಾಗಿಲನ್ನೂ ತೆಗೆದಳು.

ಈ ಬೂಕರಿಗೂ ನೊಬೆಲಿಗೂ ಇರುವ ನಂಟೂ ನೋಡುವಂಥದ್ದೇ. ಆಲಿಸ್ ಮನ್ರೋಗೆ 2009ರಲ್ಲಿ ಇದು, 2013ರಲ್ಲಿ ಅದು. ಓಲ್ಗಾ ತೊಕಾರ್ಚುಕ್‌ಗೆ 2018ರಲ್ಲಿ ಇದು, 2018ರದ್ದೇ ನೊಬೆಲ್ ಮರುವರ್ಷ ಘೋಷಣೆ. 2025ರ ಅಕ್ಟೋಬರ್ 9ರಂದು ನೊಬೆಲ್ ಬಂದ ಹಂಗೇರಿಯ ಲಾಸ್ಲೋ ಕ್ರಸ್ನಹೋರ್ಕೈಗೆ 2015ರಲ್ಲಿ ಇದು ಬಂದಿತ್ತು. ಆನಿ ಎರ್ನೋ, ಯೂನ್ ಫೊಸ್ಸೆ ಇಬ್ಬರೂ ನೊಬೆಲಿಗೆ ಮೊದಲು ಬೂಕರಿನ ಕಿರುಪಟ್ಟಿಯಲ್ಲಿ ಇದ್ದವರು. ಇದರ ಅರ್ಥ ಬಾನು ಅವರಿಗೆ ನಾಳೆ ನೊಬೆಲ್ ಅಂತ ಅಲ್ಲ, ಶಾರ್ಜಾದ ಅಣ್ಣ ಆಗಲೇ ಟೈಪ್ ಮಾಡ್ತಾ ಇರಬಹುದು. ಇಂಗ್ಲಿಷಿನಲ್ಲಿ ಗಟ್ಟಿ ಅನುವಾದ ಇದ್ದವರನ್ನು ಎರಡೂ ಕಡೆಯವರು ಓದುತ್ತಾರೆ, ಅಷ್ಟೆ.

ಶಾರ್ಜಾ ಕುಂಬಳೆ:
ಟೈಪ್ ಮಾಡಿ ಅಳಿಸಿದೆ 😄

ಮಂಜೇಶ್ವರ 1883:
ಎಲ್ಲ ಸರಿ, ಆದರೆ ಮೈಸೂರು ದಸರಾದ ಗಲಾಟೆ ಆದಮೇಲೆ ಬಾನು ಅವರನ್ನೇ ಮೊದಲು ಇಡಬೇಕಾ? ಊರಿನಲ್ಲಿ ಎರಡು ಗುಂಪು ಆದೀತು. ಅವರು ಹಿಂದೆ ಭುವನೇಶ್ವರಿಯ ಬಗ್ಗೆ ಆಡಿದ ಮಾತು

ನಿರ್ವಾಹಕ:
ಮೇಲಿನ ಕಾಮೆಂಟಿನ ಉಳಿದ ಭಾಗ ತೆಗೆದಿದ್ದೇನೆ. ದಸರಾ ಉದ್ಘಾಟನೆಯ ವಿರುದ್ಧದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 19ರಂದು ವಜಾ ಮಾಡಿದೆ, 22ರಂದು ಬಾನು ಮುಷ್ತಾಕ್ ಉದ್ಘಾಟನೆ ಮಾಡಿದ್ದಾರೆ. ಅದರ ಬಗ್ಗೆ ಬೇರೆ ಚರ್ಚೆ ಬೇಕಾದರೆ ಬೇರೆ ಎಳೆ ಶುರುಮಾಡಿ. ಇಲ್ಲಿ ಪುಸ್ತಕ.

ಮೊಗ್ರಾಲ್ ತೀರ:
ನಿರ್ವಾಹಕರು ಕ್ಷಮಿಸಬೇಕು, ಒಂದೇ ಮಾತು. ಹೆಂಗಸರಿಗೂ ಮಸೀದಿಯಲ್ಲಿ ನಮಾಜು ಮಾಡುವ ಹಕ್ಕು ಬೇಕು ಎಂದದ್ದಕ್ಕೆ 2000ದಲ್ಲಿ ಈಕೆಯ ಮೇಲೆ ಸ್ವಂತ ಸಮುದಾಯದವರೇ ಬಹಿಷ್ಕಾರ ಹಾಕಿದ್ದರು. ಈಗ ಇನ್ನೊಂದು ಕಡೆಯವರಿಗೂ ಬೇಡವಾಗಿದ್ದಾರೆ. ಇಬ್ಬರಿಗೂ ಬೇಡವಾದವರ ಕಥೆಯನ್ನು ನಾನಂತೂ ಕೂತು ಕೇಳುತ್ತೇನೆ.

ಮುಳ್ಳೇರಿಯಾದಿಂದ:
ಎರಡು ಗುಂಪು ಆದರೆ ಎರಡೂ ಬರಲಿ, ಕುರ್ಚಿ ಸಾಕಷ್ಟು ಇದೆ.

ಕಾಸರಗೋಡಿನವರ ಪಟ್ಟಿಗೆ ಬರೋಣ. ನಮ್ಮ ಕಾರಡ್ಕದ ಕೆ.ವಿ. ತಿರುಮಲೇಶ್ ಅವರನ್ನು ಮರೆಯಬಾರದು. ಕವಿ, ಭಾಷಾಶಾಸ್ತ್ರಜ್ಞ, ಹೈದರಾಬಾದಿನಲ್ಲಿ ಇಂಗ್ಲಿಷ್ ಕಲಿಸಿದವರು. ‘ಅಕ್ಷಯ ಕಾವ್ಯ’ಕ್ಕೆ 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಸಾರಾ ತೀರಿಹೋದ ಅದೇ ತಿಂಗಳು, 2023ರ ಜನವರಿ 30ರಂದು ಅವರೂ ಹೋದರು. ಒಂದೇ ತಿಂಗಳಲ್ಲಿ ಎರಡು ದೊಡ್ಡ ಜೀವ ಹೋದಾಗ ನಮ್ಮ ಪೇಟೆಯಲ್ಲಿ ಒಂದು ಫ್ಲೆಕ್ಸ್ ಕೂಡ ಕಾಣಲಿಲ್ಲ. ಕಥೆಗಾರ ಎಂ. ವ್ಯಾಸ ಇದ್ದರು. ಅವರ ಕಥೆಗಳ ಕತ್ತಲೆಯನ್ನು ಇಂಗ್ಲಿಷಿನಲ್ಲಿ ಓದಿದರೆ ಯುರೋಪಿನವರು ತಮ್ಮವರೇ ಎಂದುಕೊಂಡಾರು. ಈ ಹೆಸರುಗಳೆಲ್ಲ ನಮ್ಮ ಜಿಲ್ಲೆಯ ಗಡಿ ದಾಟಿದರೆ ಮಂಗಳೂರಿನವರೆಗೆ, ಹೆಚ್ಚೆಂದರೆ ಬೆಂಗಳೂರಿನವರೆಗೆ. ನಮ್ಮ ಪಕ್ಕದ ಮನೆಯ ಮಲಯಾಳಿಗೇ ಗೊತ್ತಿಲ್ಲ.

ಹೊಸದುರ್ಗದವ:
ಸಾರಾ ಅವರನ್ನು ಮಲಯಾಳದವರು ಸ್ವಲ್ಪ ಬಲ್ಲರು. ಅವರೇ ಕಮಲಾದಾಸ್ ಮೊದಲಾದವರನ್ನು ಮಲಯಾಳದಿಂದ ಕನ್ನಡಕ್ಕೆ ತಂದವರು. ಉಳಿದವರ ವಿಷಯದಲ್ಲಿ ನಿಮ್ಮ ಮಾತು ನಿಜ.

ನನಗನಿಸುವುದು ಹೀಗೆ: ನಾವು ಬೆಳಿಗ್ಗೆ ತುಳು, ಆಫೀಸಿನಲ್ಲಿ ಮಲಯಾಳಂ, ಪೇಪರಿನಲ್ಲಿ ಕನ್ನಡ, ಉಪ್ಪಳದಲ್ಲಿ ಉರ್ದು. ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆ ಮೇಲೆ ಹೇಳದ ಭಾಷಣಕಾರರೇ ಇಲ್ಲ. ಆದರೆ ಆ ಏಳು ಭಾಷೆಯಲ್ಲಿ ಒಂದರಿಂದ ಇನ್ನೊಂದಕ್ಕೆ ವರ್ಷಕ್ಕೆ ಎಷ್ಟು ಪುಸ್ತಕ ದಾಟಿಸುತ್ತೇವೆ? ಬೂಕರ್ ಅನುವಾದಕರಿಗೂ ಕೊಡುವ ಪ್ರಶಸ್ತಿಯಾದ ಮೇಲೆ ಈ ಪ್ರಶ್ನೆ ಬೆಂಗಳೂರಿಗಿಂತ ನಮಗೆ ಹೆಚ್ಚು ಸಲ್ಲಬೇಕು.

ಅಡೂರಿನ ಅಡಿಕೆ:
ಭಾಷಣ ಆಯಿತು. ಅನುವಾದ ಮಾಡಿದರೆ ಅಚ್ಚು ಹಾಕುವವರು ಯಾರು? ನನ್ನ ಪರಿಚಯದವರೊಬ್ಬರು ಒಂದು ಪ್ರಕಾಶನಕ್ಕೆ ಪೂರ್ತಿ ಹಸ್ತಪ್ರತಿ ಕೊಟ್ಟು ವರ್ಷಗಟ್ಟಲೆ ಕಾದರು, ಉತ್ತರವೇ ಇಲ್ಲ. ಹಣವೂ ಇಲ್ಲ, ಹೆಸರೂ ಇಲ್ಲ.

ಉಪ್ಪಳ ಗೇಟ್:
ಪೂರ್ತಿ ಪುಸ್ತಕ ಮಾಡಿ ಕಳಿಸುವುದು ನಮ್ಮ ಪದ್ಧತಿ. ಅಲ್ಲಿಯವರು ಹಾಗೆ ಮಾಡುವುದಿಲ್ಲ. ಇಂಗ್ಲಿಷ್ ಪೆನ್‌ನವರಲ್ಲಿ ಎರಡು ಬಗೆ ಉಂಟು. ಒಂದಕ್ಕೆ ಬ್ರಿಟನ್ನಿನ ಪ್ರಕಾಶಕರೇ ಅರ್ಜಿ ಹಾಕಬೇಕು, ಅನುವಾದದ ಖರ್ಚಿನ ದೊಡ್ಡ ಪಾಲು ಕೊಡ್ತಾರೆ. ಬಾನು ಅವರ ಪುಸ್ತಕಕ್ಕೆ ಸಿಕ್ಕಿದ್ದು ಅದು. ಇನ್ನೊಂದು ಮಾದರಿ ಅನುವಾದಕ್ಕೆ, ಅನುವಾದಕರೇ ಅರ್ಜಿ ಹಾಕಬಹುದು. ಕೆಲವು ಪುಟ ಮಾಡಿ, ಪುಸ್ತಕದ ಪರಿಚಯ ಬರೆದು, ಮೂಲ ಲೇಖಕರ ಕಡೆಯಿಂದ ಹಕ್ಕು ಸಿಗ್ತದೆ ಎಂದು ತೋರಿಸಿದರೆ ಮಾತು ಮುಂದೆ ಹೋಗ್ತದೆ. ಇಡೀ ಪುಸ್ತಕ ಮಾಡಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರಬೇಕಾಗಿಲ್ಲ.

ಪೈವಳಿಕೆ ಟೀಚರ್:
ಹಕ್ಕು ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಿ. ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದ ಕೆಲವು ಭಾಗವನ್ನು ನಮ್ಮ ಹತ್ತನೇ ಕ್ಲಾಸಿನವರು ಮಲಯಾಳಕ್ಕೆ ಮಾಡಿದ್ದಾರೆ. ಶಾಲೆಯ ಪತ್ರಿಕೆಯಲ್ಲಿ ಹಾಕಬಹುದಾ?

ಉಪ್ಪಳ ಗೇಟ್:
ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಹೋದ ಮರುವರ್ಷದ ಜನವರಿಯಿಂದ ಲೆಕ್ಕ ಹಾಕಿ 60 ವರ್ಷ ಹಕ್ಕುಸ್ವಾಮ್ಯ. ಅನುವಾದದ ಹಕ್ಕೂ ಅದರೊಳಗೆ ಬರ್ತದೆ. ಗೋವಿಂದ ಪೈಗಳು ಹೋದದ್ದು 1963ರಲ್ಲಿ, ಅಂದರೆ 2023ರ ಕೊನೆಗೆ ಮುಗಿಯಿತು. ಅವರ ಕಾಲದಲ್ಲೇ ಅಚ್ಚಾದ ಗೊಲ್ಗೊಥಾ, ವೈಶಾಖಿಯನ್ನು ಈಗ ಯಾರು ಬೇಕಾದರೂ ಯಾವ ಭಾಷೆಗೂ ಮಾಡಬಹುದು, ಧಾರಾಳ ಹಾಕಿ. ಅವರು ತೀರಿದ ಮೇಲೆ ಮೊದಲ ಸಲ ಅಚ್ಚಾದ ಬರಹಗಳಿಗೆ ಲೆಕ್ಕ ಬೇರೆ, ಅಚ್ಚಾದ ವರ್ಷದಿಂದ ಎಣಿಸಬೇಕು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ಹೋದದ್ದು 2015ರಲ್ಲಿ, ನೂರು ತುಂಬಿದ ವರ್ಷ. ಅವರದ್ದಕ್ಕೆ 2075ರ ಕೊನೆಯವರೆಗೆ ಅನುಮತಿ ಬೇಕು. ಸಾರಾ, ತಿರುಮಲೇಶ್ ಇಬ್ಬರದ್ದೂ 2083ರವರೆಗೆ. ಅವರ ಮನೆಯವರಿಗೆ ಒಂದು ಪತ್ರ ಬರೆಯುವುದು ಕಷ್ಟದ ಕೆಲಸ ಅಲ್ಲ.

ನೀರ್ಚಾಲು ಮಾಷ್ಟ್ರು:
ಪೈಗಳು ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರು. ಮಂಜೇಶ್ವರದಲ್ಲಿ ಕೂತು ಅಷ್ಟು ದೂರದ್ದನ್ನು ತಂದರು. ಅವರದ್ದನ್ನು ಹತ್ತನೇ ಕ್ಲಾಸಿನ ಮಕ್ಕಳು ಮಲಯಾಳಕ್ಕೆ ಮಾಡುತ್ತಾರೆಂದರೆ ನನಗೆ ಆ ಪತ್ರಿಕೆಯ ಒಂದು ಪ್ರತಿ ಬೇಕು ಟೀಚರ್.

ಸಮಿತಿಯವರ ಹತ್ತಿರ ಫೋನಿನಲ್ಲಿ ಮಾತಾಡಿದೆ. 2ಕ್ಕೆ ಬಾನು ಮುಷ್ತಾಕ್, ಓದುವುದು ‘ಕೆಂಪು ಲುಂಗಿ’ ಮತ್ತು ‘ಶಾಯಿಸ್ತಾ ಮಹಲು’. ಮೂಲ ಕನ್ನಡದಿಂದ, ಇಂಗ್ಲಿಷಿನಿಂದ ಒಂದೊಂದು ಪುಟ. 9ಕ್ಕೆ ಕಾಯ್ಕಿಣಿ. 16ಕ್ಕೆ ಹಾನ್ ಕಾಂಗ್ ಬಗ್ಗೆ ಉಪ್ಪಳ ಗೇಟ್ ಅವರು ಮಾತಾಡಬೇಕು, ಇಷ್ಟೆಲ್ಲ ಟೈಪ್ ಮಾಡಿದ ಮೇಲೆ ತಪ್ಪಿಸಿಕೊಳ್ಳುವ ಹಾಗಿಲ್ಲ. 23ಕ್ಕೆ ಸಾರಾ ಅಬೂಬಕ್ಕರ್. ವಿಷಯದಿಂದ ಹೊರಗೆ ಎಂದು ಅಡೂರಿನವರ ಆಕ್ಷೇಪ ದಾಖಲಾಗಿದೆ, ಸಮಿತಿ ಒಪ್ಪಲಿಲ್ಲ. ಆ ದಿನ ಮೊಗ್ರಾಲಿನವರು ಓದಬೇಕು ಎಂದು ಕೇಳಿಕೊಳ್ಳುತ್ತೇನೆ. 30ನೇ ತಾರೀಕು ಖಾಲಿ ಇದೆ.

ಅಡೂರಿನ ಅಡಿಕೆ:
ಆಕ್ಷೇಪ ಇಟ್ಟುಕೊಂಡೇ ಬರುತ್ತೇನೆ. 30ಕ್ಕೆ ಎಂ. ವ್ಯಾಸರ ಒಂದು ಕಥೆಯನ್ನು ಮಲಯಾಳದಲ್ಲಿ ಓದುವವರು ಯಾರಾದರೂ ಇದ್ದರೆ ಹೊಸದುರ್ಗದವರು ಹೇಳಲಿ.

ಹೊಸದುರ್ಗದವ:
ಅನುವಾದ ನಾನೇ ಮಾಡಬೇಕಾದೀತು. ಮೊದಲು ಅವರ ಮನೆಯವರನ್ನು ಕೇಳುತ್ತೇನೆ. ಯಾವ ಕಥೆ ಎಂದು ಮುಳ್ಳೇರಿಯಾದವರು ಆರಿಸಿ, ಈ ವಾರದೊಳಗೆ. ಸಣ್ಣದು ಕೊಡಿ.

ಮೊಗ್ರಾಲ್ ತೀರ:
23ಕ್ಕೆ ಒಪ್ಪಿದ್ದೇನೆ. ಚಂದ್ರಗಿರಿಯ ತೀರದಲ್ಲಿಯ ನನ್ನ ಪ್ರತಿ ಯಾರೋ ಓದಲು ಕೊಂಡುಹೋದವರು ವಾಪಸು ಕೊಟ್ಟಿಲ್ಲ. ನಿಮ್ಮ ವಾಚನಾಲಯದಲ್ಲಿ ಇದ್ದರೆ ಒಂದು ವಾರ ಮುಂಚೆ ಬೇಕು ಮಾಷ್ಟ್ರೇ, ಮತ್ತೆ ಸಂಜೆ ಆರರ ಮೇಲೆ ಸೀತಾಂಗೋಳಿ ಕಡೆಗೆ ಬಸ್ಸು ಇದೆಯಾ ಅಂತ ಯಾರಾದರೂ ತಿಳಿಸಿ.